“ಹೊಸಬರಿಗೆ ಕಣ್ಣು ಕಾಣೋಲ್ಲವಂತೆ, ಏನು ಮಾಡೋದು ಮೇಡಂ?” – ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಗೆ ಒಂದು ಕೈಪಿಡಿ

ನಾನು ಸಿಬ್ಬಂದಿ ಶಾಖೆಯಲ್ಲಿ ಹದಿನೇಳು ವರ್ಷ ಕೂತವಳು. ಮೊದಲು ವಿಷಯ ನಿರ್ವಾಹಕಿ, ಆಮೇಲೆ ಅಧೀಕ್ಷಕಿ. ಸೇವಾ ಪುಸ್ತಕ ತೆರೆಯುವುದರಿಂದ ಹಿಡಿದು ಪಿಂಚಣಿ ಕಡತ ಕಳಿಸುವವರೆಗೆ ಒಬ್ಬ ನೌಕರನ ಇಡೀ ಬದುಕು ನಮ್ಮ ಮೇಜಿನ ಮೇಲೇ ಹಾದು ಹೋಗುತ್ತದೆ. ನಿವೃತ್ತಿ ಆದ ಮೇಲೂ ಹಳೆಯ ಸಹೋದ್ಯೋಗಿಗಳ ಫೋನ್ ನಿಂತಿಲ್ಲ. ಅದರಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. “ಮೇಡಂ, ಹೊಸಬರೊಬ್ಬರು ಬರ್ತಿದ್ದಾರೆ. ಕಣ್ಣು ಕಾಣೋಲ್ಲವಂತೆ. ಏನು ಮಾಡೋದು?”

ಈ ಪ್ರಶ್ನೆಯಲ್ಲಿರುವ ಗಾಬರಿ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ನಾನೂ ಹೀಗೇ ಕೇಳಿದ್ದೆ. ಆಗ ಇನ್ನೂ ಅಂಗವಿಕಲರಿಗೆಂದು 1995ರ ಕಾಯ್ದೆ ಇತ್ತು, ಅವರಿಗೆ ಹುದ್ದೆಗಳಲ್ಲಿ ಮೀಸಲಾತಿ ಶೇ 3. ಪೂರ್ತಿ ದೃಷ್ಟಿ ಇಲ್ಲದ ಒಬ್ಬ ಯುವಕ ನಮ್ಮ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಬಂದ. ನಾವೆಲ್ಲ ತುಂಬ ಒಳ್ಳೆಯವರಾಗಿ ನಡೆದುಕೊಂಡೆವು. ಕಿಟಕಿ ಪಕ್ಕ ಒಳ್ಳೆ ಕುರ್ಚಿ ಕೊಟ್ಟೆವು. ಕೈ ಹಿಡಿದು ಕರೆದುಕೊಂಡು ಹೋಗಲು ಒಬ್ಬರನ್ನು ನೇಮಿಸಿದೆವು. ಮಳೆ ಬಂದರೆ ಬೇಗ ಮನೆಗೆ ಕಳಿಸಿದೆವು. ಕೆಲಸ ಮಾತ್ರ ಕೊಡಲಿಲ್ಲ. “ಪಾಪ, ಅವರಿಗ್ಯಾಕೆ ತೊಂದರೆ” ಅಂದುಕೊಂಡೆವು. ಹೀಗೆ ಹನ್ನೊಂದು ತಿಂಗಳು ಕಳೆಯಿತು. ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. “ಮೇಡಂ, ನಾನೂ ಪರೀಕ್ಷೆ ಬರೆದು ಪಾಸಾಗಿ ಬಂದವನು. ನನಗೂ ಒಂದು ಕಡತ ಕೊಡಿ” ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಈ ಬರಹದ ಉದ್ದಕ್ಕೂ ನಾನು ಹೇಳುವುದು ಆ ಒಂದೇ ಮಾತು: ಕೆಲಸ ಕೊಡಿ. ಕೆಲಸ ಕೊಡಲು ಏನೇನು ಬೇಕೋ ಅದನ್ನು ಮೊದಲು ಮಾಡಿಕೊಳ್ಳಿ.

ಅವರು ಬರುವುದಕ್ಕೆ ಮೊದಲು

ರೋಸ್ಟರ್‌ನಿಂದ ಶುರು ಮಾಡೋಣ. ಯಾವ ಹುದ್ದೆ ಯಾವ ಮೀಸಲಾತಿಗೆ ಎಂದು ಕ್ರಮವಾಗಿ ಗುರುತಿಸಿದ ಪಟ್ಟಿ ಅದು. ಬೇಸರದ ಕೆಲಸ, ಆದರೆ ಅಲ್ಲಿ ತಪ್ಪಿದರೆ ಮನುಷ್ಯ ಕಚೇರಿಗೇ ಬರುವುದಿಲ್ಲ.

ಈಗಿರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣಪತ್ರ ಇದ್ದವರಿಗೆ ಹುದ್ದೆಯ ಮೀಸಲಾತಿ ಸಿಗುತ್ತದೆ. ಸೆಕ್ಷನ್ 34ರ ಪ್ರಕಾರ ಪ್ರತಿ ಗುಂಪಿನ ಹುದ್ದೆಗಳಲ್ಲಿ ಕನಿಷ್ಠ ಶೇ 4. ಅದರಲ್ಲಿ ದೃಷ್ಟಿ ದೋಷದವರಿಗೆ 1, ಶ್ರವಣ ದೋಷದವರಿಗೆ 1, ಕೈಕಾಲಿನ ತೊಂದರೆ ಇರುವವರಿಗೆ 1. ಕುಷ್ಠದಿಂದ ಗುಣವಾದವರು, ಕುಬ್ಜರು, ಆಸಿಡ್ ದಾಳಿಗೆ ಒಳಗಾದವರು ಈ ಮೂರನೆಯ ಗುಂಪಿನಲ್ಲೇ ಬರುತ್ತಾರೆ. ಉಳಿದ 1 ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವಿಕಲತೆ ಇರುವವರಿಗೆಲ್ಲ ಸೇರಿ. ಇದು ಕನಿಷ್ಠ ಎಂಬುದನ್ನು ಮರೆಯಬೇಡಿ. ಇದಕ್ಕಿಂತ ಜಾಸ್ತಿ ಕೊಡಬಾರದು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ.

ಕೇಂದ್ರ ಸರ್ಕಾರದ ಕಚೇರಿಗಳಿಗೆ 2018ರ ಜನವರಿ 15ರ ಆದೇಶವಿದೆ. 100 ಬಿಂದುಗಳ (ಅಂದ್ರೆ ಕ್ರಮಸಂಖ್ಯೆಗಳ) ರೋಸ್ಟರ್, ಅದರಲ್ಲಿ 1, 26, 51, 76ನೇ ಬಿಂದು ಇವರಿಗೆ. ಒಂದನೇ ಬಿಂದುವೇ ಅವರದ್ದು ಎಂಬುದನ್ನು ಗಮನಿಸಿ. “ನಮ್ಮಲ್ಲಿ ಇರೋದೇ ಎಂಟು ಹುದ್ದೆ, ಶೇ 4 ಅಂದ್ರೆ ಅರ್ಧನೂ ಬರಲ್ಲ” ಎನ್ನುವ ಜಾಣ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇನ್ನೊಂದು ವಿಷಯ, ಇದು ಸಮತಲ ಮೀಸಲಾತಿ. ಆಯ್ಕೆಯಾದವರು ಯಾವ ಜಾತಿ ಪ್ರವರ್ಗದವರೋ ಆ ಪ್ರವರ್ಗದ ಲೆಕ್ಕಕ್ಕೇ ಸೇರುತ್ತಾರೆ. ಹೊಸ ವಿಷಯ ನಿರ್ವಾಹಕರು ಇಲ್ಲಿ ಮುಗ್ಗರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು “ಸೂಕ್ತ ಅಭ್ಯರ್ಥಿ ಲಭ್ಯವಿಲ್ಲ” ಎನ್ನುವ ಟಿಪ್ಪಣಿ. ಅದನ್ನು ಬರೆಯುವುದು ತುಂಬ ಸುಲಭ. ಆದರೆ ಕಾಯ್ದೆಯಲ್ಲಿ ಅದಕ್ಕೊಂದು ದಾರಿ ಇದೆ. ಈ ವರ್ಷ ಸಿಗದಿದ್ದರೆ ಹುದ್ದೆ ಮುಂದಿನ ನೇಮಕಾತಿ ವರ್ಷಕ್ಕೆ ಹೋಗಬೇಕು. ಆಗಲೂ ಸಿಗದಿದ್ದರೆ ಅಂಗವಿಕಲತೆಯ ಐದು ಪ್ರವರ್ಗಗಳ (ಬಹುವಿಧ ಅಂಗವಿಕಲತೆಯನ್ನು ಬೇರೆಯಾಗಿ ಎಣಿಸಿದರೆ ಐದು) ಒಳಗೇ ಅದಲು ಬದಲು ಮಾಡಿ ನೋಡಬೇಕು. ಅದೂ ಆಗದಿದ್ದರೆ ಮಾತ್ರ ಬೇರೆಯವರಿಗೆ. ಈ ಮೂರು ಮೆಟ್ಟಿಲೂ ಕಡತದಲ್ಲಿ ಕಾಣಬೇಕು.

“ಈ ಹುದ್ದೆ ಅವರ ಕೈಲಿ ಆಗಲ್ಲ” ಎಂದು ತೀರ್ಮಾನಿಸುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಯಾವ ಹುದ್ದೆ ಯಾರಿಗೆ ಹೊಂದುತ್ತದೆ ಎಂದು ಸೆಕ್ಷನ್ 33ರ ಪ್ರಕಾರ ತಜ್ಞರ ಸಮಿತಿಯ ಸಲಹೆ ಪಡೆದು ಸರ್ಕಾರ ಗುರುತಿಸುತ್ತದೆ. ಮೂರು ವರ್ಷಕ್ಕೊಮ್ಮೆಯಾದರೂ ಅದನ್ನು ಮರುಪರಿಶೀಲಿಸಬೇಕು. ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ ಪಟ್ಟಿಯಲ್ಲಿ 3,566 ಹುದ್ದೆಗಳಿವೆ. ಅದನ್ನೊಮ್ಮೆ ತೆರೆದು ನೋಡಿ. ಪ್ರತಿ ಹುದ್ದೆಗೂ ಏನು ಮಾಡಲು ಬರಬೇಕು ಎಂದು ಬಿಡಿಸಿ ಬರೆದಿದ್ದಾರೆ. ಕೂರುವುದು, ನಿಲ್ಲುವುದು, ನಡೆಯುವುದು, ಬಗ್ಗುವುದು, ಎತ್ತುವುದು, ಓದು ಬರಹ, ನೋಡುವುದು, ಕೇಳುವುದು, ಹೀಗೆ. ನಾನು ಇದೇ ಉಪಾಯವನ್ನು ನಮ್ಮ ಶಾಖೆಗೂ ಬಳಸಿದೆ. ಹುದ್ದೆಯ ಹೆಸರು ಬಿಟ್ಟು, ಮೇಜಿನ ಕೆಲಸಗಳನ್ನು ಒಂದೊಂದಾಗಿ ಬರೆದೆ. ಟಪಾಲು ತೆರೆಯುವುದು, ದಾಖಲಿಸುವುದು, ಟಿಪ್ಪಣಿ ಹಾಕುವುದು, ಸಾಹೇಬರ ಕೊಠಡಿಗೆ ಹೋಗುವುದು, ಫೋನ್ ತೆಗೆಯುವುದು, ದಾಖಲೆ ಕೊಠಡಿಯಿಂದ ಹಳೆ ಕಟ್ಟು ಇಳಿಸುವುದು. ಹೀಗೆ ಬರೆದ ಮೇಲೆ ಗೊತ್ತಾಯಿತು, ಹನ್ನೆರಡು ಕೆಲಸದಲ್ಲಿ ಕಣ್ಣು ಬೇಕೇ ಬೇಕು ಎನ್ನುವುದು ಎರಡೋ ಮೂರೋ. ಆ ಎರಡು ಮೂರನ್ನು ಪಕ್ಕದ ಮೇಜಿಗೆ ಕೊಟ್ಟು, ಅವರದ್ದೆರಡು ಈ ಕಡೆ ತಂದರೆ ಮುಗಿಯಿತು.

ಒಂದು ಪಕ್ಕದ ಮಾತು. ಪತ್ರದಲ್ಲಿ ಸುಮ್ನೆ ‘ಪಿಡಬ್ಲ್ಯುಡಿ’ ಎಂದು ಬರೆಯಬೇಡಿ. ಇಂಗ್ಲಿಷಿನಲ್ಲಿ ಅಂಗವಿಕಲ ವ್ಯಕ್ತಿಗಳಿಗೂ ಲೋಕೋಪಯೋಗಿ ಇಲಾಖೆಗೂ ಇದೇ ಮೊದಲಕ್ಷರಗಳು. ಅಂಗವಿಕಲ ನೌಕರರ ಮಾಹಿತಿ ಕೇಳಿದ ಒಂದು ಪತ್ರ ನಮ್ಮಲ್ಲಿ ಲೋಕೋಪಯೋಗಿ ಇಲಾಖೆಗೆ ಹೋಗಿ, ಅಲ್ಲಿಂದ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ವಾಪಸ್ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು.

ಮೊದಲ ದಿನದ ಮಾತು

ಹಾರ, ಫೋಟೊ, ಭಾಷಣ ಏನೂ ಬೇಡ. ಬೇರೆಯವರಿಗೆ ಏನು ಮಾಡುತ್ತೀರೋ ಅಷ್ಟೇ ಸಾಕು. ಅಂಗವಿಕಲ, ವಿಕಲಚೇತನ, ವಿಶೇಷ ಚೇತನ, ಯಾವ ಪದ ಸರಿ ಎಂದು ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಕಾಗದದಲ್ಲಿ ಸರ್ಕಾರದ ಪದ ಬಳಸಿ. ಎದುರಿಗೆ ಅವರ ಹೆಸರು ಇದೆಯಲ್ಲ.

ಪ್ರಮಾಣಪತ್ರ ಪರಿಶೀಲಿಸಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಸಂಖ್ಯೆ ಸೇವಾ ಪುಸ್ತಕದಲ್ಲಿ ನಮೂದಿಸಿ. ಅಲ್ಲಿಗೆ ನಿಲ್ಲಿಸಿ. “ಸ್ವಲ್ಪ ನಡೆದು ತೋರಿಸಿ”, “ಇದು ಎಷ್ಟು ಬೆರಳು ಹೇಳಿ” ಎಂದು ಶಾಖೆಯಲ್ಲೇ ಪರೀಕ್ಷೆ ಮಾಡುವವರನ್ನು ನಾನು ಕಂಡಿದ್ದೇನೆ. ಅದು ವೈದ್ಯಕೀಯ ಮಂಡಳಿಯ ಕೆಲಸ. ಶೇ 75 ಎಂದು ಬರೆದಿದೆ ಅಂದ್ರೆ ಶೇ 25 ಕೆಲಸ ಮಾತ್ರ ಮಾಡಬಲ್ಲರು ಎಂದಲ್ಲ. ಆ ಸಂಖ್ಯೆಗೂ ಕಡತಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಅವರ ಜೊತೆ ಒಂದು ಗಂಟೆ ಕೂತುಕೊಳ್ಳಿ, ಬಾಗಿಲು ಹಾಕಿಕೊಂಡು. “ನಿಮಗೆ ಏನು ಬೇಕು?” ಎಂದು ಕೇಳಬೇಡಿ. ಹೊಸದಾಗಿ ಬಂದವರು, ಇನ್ನೂ ಪ್ರೊಬೇಷನ್‌ನಲ್ಲಿ ಇರುವವರು, ಏನು ಹೇಳುತ್ತಾರೆ? “ಏನೂ ಬೇಡ ಮೇಡಂ, ಅಡ್ಜಸ್ಟ್ ಮಾಡ್ಕೋತೀನಿ” ಎನ್ನುತ್ತಾರೆ. ಅದರ ಬದಲು ಆ ಕೆಲಸಗಳ ಪಟ್ಟಿಯನ್ನು ಮುಂದಿಟ್ಟು ಒಂದೊಂದಾಗಿ ಹೋಗಿ. “ಟಪಾಲು ಹೀಗೆ ಬರುತ್ತೆ, ನೀವು ಇದನ್ನು ಹೇಗೆ ಓದ್ತೀರಿ?” “ಟಿಪ್ಪಣಿ ಬರೆಯೋದು ಹೇಗೆ, ಟೈಪ್ ಮಾಡ್ತೀರಾ?” “ಬಯೋಮೆಟ್ರಿಕ್‌ನಲ್ಲಿ ಬೆರಳಚ್ಚು ಬೀಳುತ್ತಾ?” ಕೊನೆಯದು ಸಣ್ಣ ವಿಷಯ ಎನಿಸಬಹುದು. ಕುಷ್ಠದಿಂದ ಗುಣವಾದ ಡಿ ದರ್ಜೆ ನೌಕರರೊಬ್ಬರಿಗೆ ಬೆರಳಚ್ಚು ಬೀಳದೆ, ದಿನಾ ಹಾಜರಿದ್ದರೂ ಗೈರು ಎಂದು ದಾಖಲಾಗಿ, ಒಂದು ತಿಂಗಳ ಸಂಬಳ ನಿಂತಿತ್ತು. ಅವರಿಗೆ ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಲು ಒಂದು ಸಾಲಿನ ಆದೇಶ ಸಾಕಾಗಿತ್ತು.

ಈ ಮಾತುಕತೆಯಲ್ಲಿ ಒಪ್ಪಿದ್ದನ್ನೆಲ್ಲ ಅಂದೇ ಟಿಪ್ಪಣಿ ಮಾಡಿ ಅಧಿಕಾರಿಗಳ ಅನುಮೋದನೆ ಪಡೆಯಿರಿ. ಕಾಯ್ದೆಯಲ್ಲಿ ಇದಕ್ಕೆ ‘ರೀಸನಬಲ್ ಅಕಾಮಡೇಷನ್’ ಎನ್ನುತ್ತಾರೆ. ಕಚೇರಿಗೆ ಮಿತಿಮೀರಿದ ಹೊರೆ ಆಗದ ಹಾಗೆ, ಆ ವ್ಯಕ್ತಿ ಕೆಲಸ ಮಾಡಲು ಬೇಕಾದ ಬದಲಾವಣೆ ಮಾಡಿಕೊಡುವುದು ಎಂದು ಅರ್ಥ. ಸೆಕ್ಷನ್ 20ರ ಪ್ರಕಾರ ಸರ್ಕಾರಿ ಸಂಸ್ಥೆಗಳಿಗೆ ಅದು ಕಡ್ಡಾಯ. ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಅಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಅಧಿಕಾರಿ ವರ್ಗವಾದ ದಿನವೇ ಅದೂ ವರ್ಗವಾಗುತ್ತದೆ. ಕಡತದಲ್ಲಿದ್ದರೆ ಉಳಿಯುತ್ತದೆ. ಹೆಡ್‌ಫೋನ್, ಟೇಬಲ್ ಲ್ಯಾಂಪ್‌ನಂಥ ಸಣ್ಣ ಪುಟ್ಟದ್ದೆಲ್ಲ ಸಾದಿಲ್ವಾರು ವೆಚ್ಚದಲ್ಲೇ (ಕಚೇರಿಯ ಬಿಡಿ ಖರ್ಚು) ಆಗುತ್ತದೆ. “ಅನುದಾನ ಇಲ್ಲ” ಎಂದು ಬರೆಯುವ ಮೊದಲು ಬೆಲೆ ವಿಚಾರಿಸಿ.

ದೃಷ್ಟಿ ಇಲ್ಲದವರಿಗೆ ಕಡತ

ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ನಾನು ಕಲಿತದ್ದೆಲ್ಲ ಇಲ್ಲೇ.

ದೃಷ್ಟಿ ಇಲ್ಲದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲೆ ಇರುವುದನ್ನು ಅದು ಓದಿ ಹೇಳುತ್ತದೆ. ಮೌಸ್ ಬೇಡ, ಎಲ್ಲ ಕೀಬೋರ್ಡ್‌ನಲ್ಲೇ. ಎನ್‌ವಿಡಿಎ ಎಂಬುದು ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ ಶುರು ಮಾಡಿದ್ದು. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ ಹಾಗಿರುತ್ತದೆ, ಆದರೆ ಅಭ್ಯಾಸ ಇದ್ದವರು ಅದನ್ನು ಎಂಥ ವೇಗದಲ್ಲಿ ಕೇಳುತ್ತಾರೆ ಅಂದ್ರೆ ನಮಗೆ ಒಂದು ಪದವೂ ಗೊತ್ತಾಗುವುದಿಲ್ಲ. ಅವರಿಗೆ ಪುಟ ಮುಗಿದಿರುತ್ತದೆ.

ನಾವು ಆ ಯುವಕರಿಗೆ ಹೊಸ ಕಂಪ್ಯೂಟರ್ ಕೊಟ್ಟು, ಎನ್‌ವಿಡಿಎ ಹಾಕಿಸಿ, ದೊಡ್ಡ ಸಾಧನೆ ಮಾಡಿದೆವು ಎಂದುಕೊಂಡೆವು. ಅವರು ನಮ್ಮ ಶಾಖೆಯ ಮೊದಲ ಕಡತ ತೆರೆದರು. ಯಂತ್ರ “ಪಿ... ಪೌಂಡ್... ಕ್ಯೂ...” ಎಂದು ಏನೇನೋ ಹೇಳತೊಡಗಿತು. ತಂತ್ರಾಂಶ ಕೆಟ್ಟಿದೆ ಎಂದು ಎರಡು ಸಲ ತೆಗೆದು ಹಾಕಿಸಿದೆವು. ಕೆಟ್ಟಿದ್ದು ಅದಲ್ಲ, ನಮ್ಮ ಕಡತ. ನಮ್ಮಲ್ಲಿ ವರ್ಷಗಟ್ಟಲೆ ಎಲ್ಲ ಟೈಪ್ ಆಗಿದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರ್ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ‘ಕನ್ನಡ’ ಎಂಬ ಪದವೇ ಪಿ, ಪೌಂಡ್ ಚಿಹ್ನೆ, ಕ್ಯೂ ಎಂದು ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಮಾತ್ರ ಕನ್ನಡ ಕನ್ನಡವಾಗಿ ಉಳಿಯುತ್ತದೆ. ಅದರಲ್ಲಿ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರುತ್ತದೆ.

ಆದ್ದರಿಂದ ದೃಷ್ಟಿ ಇಲ್ಲದ ನೌಕರರು ಬರುವ ತಿಂಗಳು ಮೊದಲೇ ಇಡೀ ಶಾಖೆಗೆ ಹೇಳಿ, ಇನ್ನು ಮುಂದೆ ಎಲ್ಲರೂ ಯೂನಿಕೋಡ್. ಕೀಲಿಮಣೆ ವಿನ್ಯಾಸ ಬದಲಾಗುವುದಿಲ್ಲ, ಬೆರಳಿನ ಅಭ್ಯಾಸ ಹಾಗೇ ಇರುತ್ತದೆ. ಎರಡು ದಿನ ಗೊಣಗುತ್ತಾರೆ, ಮೂರನೆಯ ದಿನ ಸರಿಹೋಗುತ್ತಾರೆ. ಚಾಲ್ತಿಯಲ್ಲಿರುವ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿ. ಒತ್ತಕ್ಷರ ಅಲ್ಲಲ್ಲಿ ಹಾಳಾಗುತ್ತದೆ, ಒಮ್ಮೆ ಕಣ್ಣು ಹಾಯಿಸಬೇಕು.

ಎರಡನೆಯ ಶತ್ರು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಚಿತ್ರ, ಅಕ್ಷರ ಅಲ್ಲ. ಸ್ಕ್ರೀನ್ ರೀಡರ್‌ಗೆ ಖಾಲಿ ಹಾಳೆ. ಅಚ್ಚಾದ ಕನ್ನಡವನ್ನು ಒಸಿಆರ್ ತಂತ್ರಾಂಶ ಸುಮಾರಾಗಿ ಅಕ್ಷರಕ್ಕೆ ಇಳಿಸುತ್ತದೆ. ಸಾಹೇಬರ ಕೈಬರಹದ ಮುಂದೆ ಮಾತ್ರ ತಂತ್ರಾಂಶವೂ ಸೋಲುತ್ತದೆ. ನಮಗೇ ಓದಲು ಬರೋಲ್ಲ, ಅಲ್ವಾ? ಮೂರನೆಯದು ವಾಟ್ಸಾಪ್. ಈಗ ಸುತ್ತೋಲೆಗಳೆಲ್ಲ ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಚೇರಿಯ ಗುಂಪಿಗೆ ಬೀಳುತ್ತವೆ. “ನಾಳೆ ಸಭೆ, ಎಲ್ಲರೂ ತಪ್ಪದೆ ಹಾಜರಿರಬೇಕು” ಎನ್ನುವುದು ಫೋಟೊದಲ್ಲಿ ಇದ್ದರೆ ಅವರಿಗೆ ಮುಟ್ಟಿಲ್ಲ ಎಂದೇ ತಿಳಿಯಿರಿ. ಕೆಳಗೆ ಎರಡು ಸಾಲು ಟೈಪ್ ಮಾಡಿ ಹಾಕಲು ಹೇಳಿ.

ಕಚೇರಿ ಪರಿಚಯ ಒಮ್ಮೆ ಸರಿಯಾಗಿ ಮಾಡಿಸಿ. ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಶೌಚಾಲಯಕ್ಕೆ, ಸಾಹೇಬರ ಕೊಠಡಿಗೆ. ಅವರೇ ಕೋಲು ಹಿಡಿದು ನಡೆಯಲಿ, ನೀವು ಜೊತೆಗಿರಿ. ಕರೆದುಕೊಂಡು ಹೋಗಬೇಕಾದರೆ ಅವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಯಾರೂ ಆ ದಾರಿಯಲ್ಲಿ ಕಡತದ ಕಟ್ಟು, ಮುರಿದ ಕುರ್ಚಿ ಇಡಬಾರದು. ನಮ್ಮ ಕಚೇರಿಗಳ ಓಣಿಗಳು ಗೊತ್ತಲ್ಲ.

ಪೂರ್ತಿ ಕುರುಡಲ್ಲ, ಮಂದ ದೃಷ್ಟಿ ಎನ್ನುವವರ ಕಷ್ಟ ಬೇರೆ. ನಡೆಯುವಾಗ ಎಲ್ಲರಂತೆ ಕಾಣುತ್ತಾರೆ, ಓದುವಾಗ ಹಾಳೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. “ನಾಟಕ ಮಾಡ್ತಾರೆ” ಎಂಬ ಮಾತು ಅವರ ಬೆನ್ನಿಗೇ ಇರುತ್ತದೆ. ದೊಡ್ಡ ಪರದೆ, ದೊಡ್ಡ ಅಕ್ಷರ, ಮೇಜಿಗೊಂದು ದೀಪ ಕೊಡಿ. ಕಿಟಕಿಗೆ ಎದುರು ಕೂರಿಸಬೇಡಿ, ಬೆಳಕು ಕಣ್ಣಿಗೆ ಹೊಡೆಯುತ್ತದೆ.

ರ‍್ಯಾಂಪ್ ಮೇಲೆ ಸ್ಕೂಟರ್

ಗಾಲಿಕುರ್ಚಿ, ಊರುಗೋಲು ಬಳಸುವವರ ವಿಷಯಕ್ಕೆ ಬರೋಣ. ರ‍್ಯಾಂಪ್‌ನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಬಾಗಿಲಲ್ಲಿ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ 45 ಸೆಂಟಿಮೀಟರ್ ಎತ್ತರ, ಅಂದ್ರೆ ರ‍್ಯಾಂಪ್ 5.4 ಮೀಟರ್ ಉದ್ದ ಇರಬೇಕು. ಕಟ್ಟುವವರು ಅರ್ಧ ಉದ್ದಕ್ಕೆ ಮುಗಿಸಿ ಫೋಟೊ ಹೊಡೆದು ಬಿಲ್ ಕಳಿಸುತ್ತಾರೆ. ನೀವು ಟೇಪ್ ಹಿಡಿದು ಅಳೆದ ಮೇಲೆ ಬಿಲ್‌ಗೆ ಸಹಿ ಆಗಲಿ. ಕಡಿದಾದ ರ‍್ಯಾಂಪ್‌ನಲ್ಲಿ ಸ್ಕೂಟರ್ ಏರುತ್ತದೆ, ಗಾಲಿಕುರ್ಚಿ ಏರುವುದಿಲ್ಲ. ಹಾಗೆ ಏರಿದ ಸ್ಕೂಟರ್‌ಗಳು ಅಲ್ಲೇ ನಿಲ್ಲುತ್ತವೆ ಕೂಡ.

ಬಾಗಿಲು 90 ಸೆಂಟಿಮೀಟರ್ ಅಗಲ ಇರಲಿ. ಶೌಚಾಲಯದ ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಗೋಡೆಗೆ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು. ಒಂದು ಕಚೇರಿಗೆ ತಪಾಸಣೆಗೆ ಹೋದಾಗ ‘ವಿಕಲಚೇತನರ ಶೌಚಾಲಯ’ ಎಂಬ ಫಲಕ ಹೊಳೆಯುತ್ತಿತ್ತು. ಬೀಗ ತೆಗೆಸಿ ನೋಡಿದರೆ ಒಳಗೆ ಹತ್ತು ವರ್ಷದ ಹಳೆಯ ದಾಖಲೆಗಳ ಕಟ್ಟು! ಅಲ್ಲಿದ್ದ ಗಾಲಿಕುರ್ಚಿಯ ನೌಕರರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ನಿಯಮ ಬಂದ ದಿನದಿಂದ ಐದು ವರ್ಷ ಗಡುವು ಕೊಟ್ಟಿತ್ತು. ನಿಯಮ ಬಂದಿದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಕಟ್ಟಡ ಸರಿಯಾಗುವವರೆಗೆ ಆ ಶಾಖೆಯನ್ನೇ ನೆಲಮಹಡಿಗೆ ತನ್ನಿ. ವ್ಯಕ್ತಿಯೊಬ್ಬರನ್ನೇ ಕೆಳಗೆ ಕೂರಿಸಿ, ಶಾಖೆಯನ್ನು ಮೇಲೆ ಬಿಟ್ಟರೆ ಅವರಿಗೆ ಟಪಾಲು ಹಂಚುವ ಕೆಲಸ ಬಿಟ್ಟು ಬೇರೇನೂ ಸಿಗುವುದಿಲ್ಲ. ಸಭೆಗಳೂ ಕೆಳಗೇ ನಡೆಯಲಿ. ಸಾಹೇಬರು ಇಳಿದು ಬರಬಹುದು, ಅವರ ಕಾಲು ಗಟ್ಟಿ ಇದೆ.

ನಾನು ಸಹಿ ಹಾಕಿದ ನೋಟಿಸ್

ಕಿವಿ ಕೇಳದ ಹೆಣ್ಣುಮಗಳೊಬ್ಬರು ನಮ್ಮ ಶಾಖೆಯಲ್ಲಿದ್ದರು. ಅಂಕಿ ಸಂಖ್ಯೆಗಳ ಪಟ್ಟಿಯಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ. ಒಮ್ಮೆ ಸಭೆಯಲ್ಲಿ ಒಂದು ವರದಿಯನ್ನು ಸೋಮವಾರದೊಳಗೆ ಕೊಡಬೇಕು ಎಂದು ಸೂಚನೆ ಕೊಟ್ಟರು. ಸೋಮವಾರ ಎಲ್ಲರದ್ದೂ ಬಂತು, ಅವರದ್ದು ಬರಲಿಲ್ಲ. ಕಾರಣ ಕೇಳಿ ನೋಟಿಸ್ ತಯಾರಾಯಿತು. ನಾನು ಕಣ್ಣು ಮುಚ್ಚಿ ಸಹಿ ಹಾಕಿದೆ. ಅವರು ಉತ್ತರದಲ್ಲಿ ಒಂದೇ ಸಾಲು ಬರೆದರು: “ಸಭೆಯಲ್ಲಿ ಏನು ಹೇಳಿದರೆಂದು ನನಗೆ ಯಾರೂ ತಿಳಿಸಿಲ್ಲ.” ಸಭೆಯ ಹಾಜರಾತಿಯಲ್ಲಿ ಅವರ ಸಹಿ ಇತ್ತು. ಎರಡು ಗಂಟೆ ಅವರು ಅಲ್ಲಿ ನಮ್ಮ ತುಟಿಗಳನ್ನು ನೋಡುತ್ತ ಕೂತಿದ್ದರು. ನೋಟಿಸ್ ವಾಪಸ್ ಪಡೆದೆ. ಅವರ ಮೇಜಿಗೆ ಹೋಗಿ ಕ್ಷಮೆ ಕೇಳಿದೆ, ಚೀಟಿಯಲ್ಲಿ ಬರೆದು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಬಾಯಲ್ಲಿ ಹೇಳಿದ ಯಾವ ಸೂಚನೆಯೂ ಸೂಚನೆಯಲ್ಲ. ಸಭೆ ಮುಗಿದ ಅರ್ಧ ಗಂಟೆಯೊಳಗೆ ಯಾರು ಏನು ಯಾವಾಗ ಕೊಡಬೇಕು ಎಂದು ಗುಂಪಿಗೆ ಟೈಪ್ ಮಾಡಿ ಹಾಕಬೇಕು. ಇದರಿಂದ ಕಿವಿ ಚೆನ್ನಾಗಿ ಕೇಳುವ ಎಷ್ಟೋ ಜನರ “ನನಗೆ ಹೇಳೇ ಇಲ್ಲ” ಎಂಬ ನೆಪವೂ ನಿಂತಿತು.

ಮಾತಾಡುವಾಗ ಮುಖ ಅವರ ಕಡೆ ಇರಲಿ. ಕಿರುಚಬೇಡಿ, ಕಿರುಚಿದರೆ ತುಟಿಯ ಚಲನೆ ಕೆಡುತ್ತದೆ. ಚಿಕ್ಕಂದಿನಿಂದ ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಬರಹದ ಕನ್ನಡ ಎರಡನೆಯ ಭಾಷೆ ಇದ್ದ ಹಾಗೆ. ಅವರ ಟಿಪ್ಪಣಿಯಲ್ಲಿ ವಿಭಕ್ತಿ ತಪ್ಪಿದರೆ ನಗಬೇಡಿ, ತಿದ್ದಿ ಕೊಡಿ. ಹೊಸಬರೆಲ್ಲರ ಟಿಪ್ಪಣಿ ತಿದ್ದುತ್ತೀರಲ್ಲ, ಹಾಗೆ. ಮುಖ್ಯ ಸಭೆ, ತರಬೇತಿ, ವಿಚಾರಣೆ ಇದ್ದಾಗ ಸನ್ನೆ ಭಾಷೆಯ ದುಭಾಷಿ ಬೇಕು. ವಿಡಿಯೊ ಕರೆಯಲ್ಲೂ ಆಗುತ್ತದೆ. ಭಾರತೀಯ ಸನ್ನೆ ಭಾಷೆಗೆಂದೇ ದೆಹಲಿಯಲ್ಲಿ 2015ರಿಂದ ಒಂದು ರಾಷ್ಟ್ರೀಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಇದೆ. ಅವರ ನಿಘಂಟಿನ ವಿಡಿಯೊಗಳನ್ನು ನೋಡಿ ನಮ್ಮ ಶಾಖೆಯ ಇಬ್ಬರು ‘ಕಡತ’, ‘ರಜೆ’, ‘ತುರ್ತು’ ಕಲಿತರು. ನನಗೆ ‘ತುರ್ತು’ ಮಾತ್ರ ಬಂತು.

ಹೊರಗೆ ಕಾಣದ ತೊಂದರೆ

ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ ಗುಟ್ಟು ಕಾಪಾಡುವುದೇ ಮೊದಲ ಕೆಲಸ. ವೈದ್ಯಕೀಯ ರಜೆಯ ಚೀಟಿಯಲ್ಲಿ ಏನಿದೆ ಎಂದು ಶಾಖೆಯಲ್ಲಿ ಚರ್ಚೆ ಆಗಬಾರದು. ಆ ಕಾಗದ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲಿರಲಿ. ಕೆಲವು ಮಾತ್ರೆಗಳಿಂದ ಬೆಳಗ್ಗೆ ಮಂಪರು ಇರುತ್ತದೆ. ಹತ್ತು ಗಂಟೆಯ ಬದಲು ಹನ್ನೊಂದಕ್ಕೆ ಬಂದು ಸಂಜೆ ಒಂದು ಗಂಟೆ ಜಾಸ್ತಿ ಕೂರಲು ಅನುಮತಿ ಕೊಟ್ಟರೆ ಕಚೇರಿ ಮುಳುಗುವುದಿಲ್ಲ. ಇಂಥವರ ಮೇಲೆ ಶಿಸ್ತು ಕ್ರಮ ಶುರು ಮಾಡುವ ಮೊದಲು ಎರಡು ಸಲ ಯೋಚಿಸಿ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಸಿಆರ್‌ಪಿಎಫ್ ಅಧಿಕಾರಿಯ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯ ಕಾರಣಕ್ಕೆ ಆದ ನಡತೆಗೆ ಶಿಸ್ತು ಕ್ರಮ ಹೂಡುವುದೂ ಒಂದು ಬಗೆಯ ತಾರತಮ್ಯವೇ ಎಂದು ಹೇಳಿದೆ.

ಕಲಿಕಾ ತೊಂದರೆ, ಆಟಿಸಂ ಇರುವವರಿಗೆ ಒಮ್ಮೆಗೆ ಒಂದೇ ಕೆಲಸ, ಬರೆದು ಕೊಟ್ಟ ಹಂತಗಳು, ಗಲಾಟೆ ಕಡಿಮೆ ಇರುವ ಮೂಲೆ. ಇಷ್ಟರಿಂದಲೇ ಬಹಳ ವ್ಯತ್ಯಾಸ ಆಗುತ್ತದೆ.

ಸೇವೆಯಲ್ಲಿದ್ದಾಗಲೇ ಆದರೆ

ಅಂಗವಿಕಲ ನೌಕರರೆಂದರೆ ಹೊಸದಾಗಿ ಆಯ್ಕೆಯಾಗಿ ಬರುವವರು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಕಚೇರಿಯ ಚಾಲಕರೊಬ್ಬರು ಅಪಘಾತದಲ್ಲಿ ಬಲಗಾಲು ಕಳೆದುಕೊಂಡರು. ಆಸ್ಪತ್ರೆಯಿಂದ ಬರುವ ಮೊದಲೇ ಕಡತದಲ್ಲಿ ಟಿಪ್ಪಣಿ ಎದ್ದಿತ್ತು: “ಚಾಲನೆಗೆ ಅಸಮರ್ಥರಾದ್ದರಿಂದ ಸೇವೆಯಿಂದ ಬಿಡುಗಡೆ ಮಾಡಬಹುದು.” ಬರೆದವರು ಕೆಟ್ಟವರಲ್ಲ. ಹಾಗೇ ಮಾಡಬೇಕು ಎಂದುಕೊಂಡಿದ್ದರು ಅಷ್ಟೆ.

ಸೆಕ್ಷನ್ 20ರ ಉಪಸೆಕ್ಷನ್ 4 ಓದಿ, ಸಾಧ್ಯವಾದರೆ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದರೆ ಸರ್ಕಾರಿ ಸಂಸ್ಥೆ ಆ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ, ಅದೇ ಸೌಲಭ್ಯದ ಬೇರೆ ಹುದ್ದೆಗೆ ಬದಲಿಸಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ, ಅಂದ್ರೆ ಅವರಿಗೆಂದೇ ಸೃಷ್ಟಿಸಿದ ಹೆಚ್ಚುವರಿ ಹುದ್ದೆಯಲ್ಲಿ, ಇಡಬೇಕು. ಹಳೆಯ ಕಾಯ್ದೆಯಲ್ಲೂ ಇದು ಇತ್ತು. ಕುನಾಲ್ ಸಿಂಗ್ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿತ್ತು. ನಮ್ಮ ಚಾಲಕರಿಗೆ ವಾಹನ ಶಾಖೆಯ ಲಾಗ್ ಪುಸ್ತಕ, ಇಂಧನ ಲೆಕ್ಕ ವಹಿಸಿದೆವು. ಅದೇ ಸಂಬಳ. ಗಾಡಿ ಎಷ್ಟು ಓಡಿದರೆ ಎಷ್ಟು ಡೀಸೆಲ್ ಬೇಕು ಎಂದು ಇಪ್ಪತ್ತು ವರ್ಷ ಓಡಿಸಿದವರಿಗೆ ಯಾರು ಹೇಳಿಕೊಡಬೇಕು? ಲಾಗ್ ಪುಸ್ತಕದಲ್ಲಿ ಕೆಲವರ ಆಟ ನಿಂತು ಹೋಯಿತು.

ಬಡ್ತಿ, ವರ್ಗ, ದೂರು

ಅಂಗವಿಕಲತೆಯ ಕಾರಣ ಒಂದನ್ನೇ ಹೇಳಿ ಬಡ್ತಿ ನಿಲ್ಲಿಸುವಂತಿಲ್ಲ. ಬಡ್ತಿಯಲ್ಲಿ ಮೀಸಲಾತಿಯ ಪ್ರಶ್ನೆಯೂ ಇದೆ. ಅದರಲ್ಲಿ ದೇಶಕ್ಕೆಲ್ಲ ದಾರಿ ತೋರಿಸಿದ ಸುಪ್ರೀಂ ಕೋರ್ಟಿನ ಒಂದು ತೀರ್ಪು ನಮ್ಮ ರಾಜ್ಯದ ಪ್ರಕರಣದ್ದೇ: ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ, 2020ರ ಜನವರಿ. ಬಡ್ತಿ ಪಟ್ಟಿ ತಯಾರಿಸುವವರು ಅದನ್ನು ಓದಿರಬೇಕು.

ಇಲಾಖಾ ಪರೀಕ್ಷೆ ಬಂದಾಗ ಬರಹಗಾರರ ನೆರವು, ಹೆಚ್ಚುವರಿ ಸಮಯಕ್ಕೆ ಅರ್ಜಿ ಹಾಕಲು ನೀವೇ ನೆನಪಿಸಿ. ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಪರೀಕ್ಷೆಗೆ ಓದಬೇಕಾದ ಸೇವಾ ನಿಯಮಗಳ ಪುಸ್ತಕ ಸ್ಕ್ರೀನ್ ರೀಡರ್ ಓದುವ ರೂಪದಲ್ಲಿ ಸಿಗುತ್ತದೆಯೇ ಎಂದೂ ನೋಡಿ. ನಮ್ಮಲ್ಲಿ ಸಿಗಲಿಲ್ಲ. ಶಾಖೆಯವರೆಲ್ಲ ದಿನಕ್ಕೆ ನಾಲ್ಕು ಪುಟದಂತೆ ಟೈಪ್ ಮಾಡಿ ಕೊಟ್ಟೆವು. ಹಾಗೆ ಟೈಪ್ ಮಾಡಿದ್ದರಿಂದ ನಮ್ಮಲ್ಲೂ ಇಬ್ಬರು ಪಾಸಾದರು.

ವರ್ಗಾವಣೆ ಮಾಡುವಾಗ ಒಂದು ಯೋಚನೆ ಇರಲಿ. ಬೇರೆಯವರು ಹೊಸ ಊರಿಗೆ ಹೋದರೆ ಮನೆ ಹುಡುಕುತ್ತಾರೆ. ಇವರು ದಾರಿ, ಬಸ್ಸು, ಮೆಟ್ಟಿಲು, ಶೌಚಾಲಯ, ಸಹಾಯ ಮಾಡುವ ಜನ ಎಲ್ಲವನ್ನೂ ಮೊದಲಿನಿಂದ ಹುಡುಕಬೇಕು.

ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಸಮಾನ ಅವಕಾಶ ನೀತಿ ಬರಹದಲ್ಲಿ ಇರಬೇಕು, ಕುಂದುಕೊರತೆ ಅಧಿಕಾರಿ ಇರಬೇಕು, ದೂರಿನ ರಿಜಿಸ್ಟರ್ ಇರಬೇಕು. ದೂರು ಬಂದರೆ ಎರಡು ವಾರದೊಳಗೆ ವಿಚಾರಣೆ. ರಿಜಿಸ್ಟರ್ ಖಾಲಿ ಇದೆ ಎಂದು ಖುಷಿಪಡಬೇಡಿ. ಅದು ಎಲ್ಲಿದೆ ಎಂದು ನೌಕರರಿಗೆ ಗೊತ್ತಿದೆಯೇ, ಮೊದಲು ಕೇಳಿ ನೋಡಿ.

ಸಹೋದ್ಯೋಗಿಗಳ ಬಾಯಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಕುಂಟ’, ‘ಕಿವುಡ’ ಎಂಬ ಅಡ್ಡಹೆಸರು ತಮಾಷೆ ಅಲ್ಲ. ಸಾರ್ವಜನಿಕವಾಗಿ ಬೇಕೆಂದೇ ಅವಮಾನ ಮಾಡಿದರೆ ಸೆಕ್ಷನ್ 92ರಲ್ಲಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲಿದೆ. ನಾನು ಇದನ್ನು ಸಭೆಯಲ್ಲಿ ಒಮ್ಮೆ ಜೋರಾಗಿ ಓದಿದೆ. ಸಾಕಾಯಿತು.

ಮೂರು ತಿಂಗಳ ನಂತರ

ಮೂರು ತಿಂಗಳಾದ ಮೇಲೆ ಕೆಲಸ ಹೇಗಿದೆ ಎಂದು ಪರಿಶೀಲಿಸಿ. ಎಷ್ಟು ಕಡತ ಬಂತು, ಎಷ್ಟು ವಿಲೇವಾರಿ ಆಯಿತು, ಎಷ್ಟು ಬಾಕಿ. ಎಲ್ಲರಿಗೂ ಇರುವ ಅಳತೆಯೇ ಇರಲಿ. ಬಾಕಿ ಜಾಸ್ತಿ ಇದ್ದರೆ ಮೊದಲು ಅನುಕೂಲಗಳು ಸರಿ ಇವೆಯೇ ನೋಡಿ. ಸರಿ ಇದ್ದೂ ಬಾಕಿ ಇದ್ದರೆ ಬೇರೆಯವರಿಗೆ ಏನು ಮಾಡುತ್ತೀರೋ ಅದನ್ನೇ ಮಾಡಿ.

ಹನ್ನೊಂದು ತಿಂಗಳು ಸುಮ್ನೆ ಕೂರಿಸಿದ್ದ ಆ ಯುವಕರಿಗೆ ಆಮೇಲೆ ಮಾಹಿತಿ ಹಕ್ಕು ಅರ್ಜಿಗಳ ಕಡತ ಕೊಟ್ಟೆ. ಅರ್ಜಿಗೆ 30 ದಿನದ ಗಡುವು, ಎಲ್ಲ ದಿನಾಂಕ ಅವರ ತಲೆಯಲ್ಲೇ ಇರುತ್ತಿತ್ತು. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ತಿಂಗಳು ಏಳು ಅರ್ಜಿ ಗಡುವು ಮೀರಿದವು. ನಾನು ಮೆಮೊ ಕೊಟ್ಟೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಮೇಲ್‌ಗೂ ಕಳಿಸಿದೆ. ಶಾಖೆಯವರೆಲ್ಲ ನನ್ನನ್ನು ಕಲ್ಲುಹೃದಯದವಳು ಎಂಬಂತೆ ನೋಡಿದರು. ಅವರೂ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಸಮಜಾಯಿಷಿ ಬಂತು, ನಾಲ್ಕು ಪುಟ, ದಿನಾಂಕವಾರು. ಏಳರಲ್ಲಿ ಐದು ಅರ್ಜಿ ನನ್ನ ಮೇಜಿನ ಮೇಲೇ ಒಂಬತ್ತು ದಿನ ಕೂತಿದ್ದವು.